ಎಡತಟ್ಟೆಯ ಹತ್ತೊಂಬತ್ತು ಹಾಳೆಗಳು

ನಮ್ಮ ಊರಿಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ತಕ್ಕಡಿ. ಪರವೂರಿನಿಂದ ಉಪ್ಪು ಬಂದರೆ ನಾವು ತೂಗುವುದಿಲ್ಲ. ಬೆಲ್ಲ ಬಂದರೂ ತೂಗುವುದಿಲ್ಲ. ಹೊಸ ಸೊಸೆ ಬಂದರೆ ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ ಒಳಗೆ ಬಿಡುತ್ತೇವೆ. ಪುಸ್ತಕ ಬಂದರೆ ಮಾತ್ರ ತೂಗುತ್ತೇವೆ.

ಕಟ್ಟಳೆ ಹೀಗಿದೆ. ಪರನುಡಿಯ ಪುಸ್ತಕವನ್ನು ಯಾರಾದರೂ ನಮ್ಮ ನುಡಿಗೆ ದಾಟಿಸಬೇಕು. ಬಂದ ಪುಸ್ತಕವನ್ನು ಎಡದ ತಟ್ಟೆಯಲ್ಲಿ, ದಾಟಿಸಿದ್ದನ್ನು ಬಲದ ತಟ್ಟೆಯಲ್ಲಿ ಇಡಬೇಕು. ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತರೆ ಎರಡಕ್ಕೂ ಅರಿಶಿನ ಹಚ್ಚಿ, ವಾದ್ಯ ಊದಿಸಿ, ಪುಸ್ತಕದ ಮನೆಗೆ ಕರೆದೊಯ್ಯುತ್ತೇವೆ. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಬಂದ ಪುಸ್ತಕ ಊರಗೋಡೆಗೆ ಹೋಗುತ್ತದೆ. ಒಂದು ಸಲ ಸೋತ ಪುಸ್ತಕವನ್ನು ಗೋಡೆಯಿಂದ ಈಚೆ ತೆಗೆದು ಮತ್ತೆ ದಾಟಿಸಬಹುದು. ಎರಡು ಸಲ ಸೋತದ್ದನ್ನೂ ತೆಗೆಯಬಹುದು. ಮೂರನೆಯ ಸಲ ಸೋತರೆ ಅದರ ಮೇಲೆ ಗಾರೆ ಹಾಕುತ್ತೇವೆ. ಗಾರೆ ಹಾಕಿದ ಪುಸ್ತಕದ ಒಂದು ಮಾತನ್ನೂ ಊರಿನಲ್ಲಿ ಯಾರೂ ಮತ್ತೆ ಆಡಕೂಡದು. ದಾಟಿಸಿದವರು ತಮ್ಮ ಲೇಖನಿಯ ಮೊನೆಯನ್ನು ತೂಗುವವನ ಕೈಗೆ ಕೊಟ್ಟು, ಉಳಿದ ಆಯುಷ್ಯವೆಲ್ಲ ಆ ಗೋಡೆಗೆ ಗಾರೆ ಅರೆಯಬೇಕು.

ಹೀಗಾಗಿ ನಮ್ಮ ಊರಗೋಡೆ ಕಲ್ಲಿನದಲ್ಲ, ಪುಸ್ತಕದ್ದು. ಹಿಮದ ನಾಡಿನ ಪ್ರೇಮಕಥೆಗಳು ಅದರಲ್ಲಿವೆ. ನಕ್ಷತ್ರಗಳ ದಾರಿ ಬರೆದಿಟ್ಟವರ ಗ್ರಂಥಗಳಿವೆ. ಕಡಲಿನ ನಡುವೆ ಎಲ್ಲೋ ಇರುವ ದ್ವೀಪಗಳ ಜೋಗುಳಗಳಿವೆ. ವರ್ಷ ವರ್ಷವೂ ಗೋಡೆ ಎತ್ತರವಾಗುತ್ತಾ ಹೋಗಿ ನಮ್ಮಲ್ಲಿ ಬೆಳಗಾಗುವುದು ತಡವಾಯಿತು, ಸಂಜೆಯಾಗುವುದು ಬೇಗವಾಯಿತು. ನಾವು ಅದಕ್ಕೂ ಒಗ್ಗಿಕೊಂಡೆವು. ಗೋಡೆ ಗಟ್ಟಿಯಾಗಿದೆ ಎಂದು ಜಂಬವನ್ನೂ ಪಟ್ಟೆವು.

ಪುಸ್ತಕದ ಮನೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ತೂಕ ಕಡಿಮೆ ಬರುತ್ತದೆಂದು ಹೆದರಿದವರು ತಮ್ಮ ಪುಸ್ತಕಕ್ಕೆ ದಪ್ಪ ರಟ್ಟು ಹಾಕಿಸುತ್ತಿದ್ದರು, ನಾಲ್ಕು ಮೂಲೆಗೆ ಹಿತ್ತಾಳೆ ಹೊಡೆಸುತ್ತಿದ್ದರು. ಒಂದು ಪದ ಸಾಕಾದಲ್ಲಿ ಮೂರು ಪದ ಸುರಿಯುತ್ತಿದ್ದರು. ಮುಳ್ಳು ನಡುವೆ ನಿಲ್ಲುತ್ತಿತ್ತು. ವಾದ್ಯ ಊದುತ್ತಿತ್ತು. ಹೀಗೆ ಒಳಗೆ ಹೋದ ಪುಸ್ತಕಗಳನ್ನು ಆಮೇಲೆ ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಗೆದ್ದಲು ಕೂಡ ಮೂಸಿ ನೋಡಿ ಪಕ್ಕದ ತೊಲೆಗೆ ಹೋಗುತ್ತಿತ್ತು.

ಈ ಊರಿನಲ್ಲಿ ಒಬ್ಬಳು ದಾಟಿಸುವವಳಿದ್ದಳು. ಅವಳು ಹಿಡಿದದ್ದು ಹೆರಿಗೆಯ ಪುಸ್ತಕ. ಪರವೂರಿನ ಒಬ್ಬ ಪಂಡಿತೆ ನಲವತ್ತು ವರ್ಷ ಬಾಣಂತಿಕೋಣೆಗಳಲ್ಲಿ ನಿಂತು, ಕಂಡದ್ದನ್ನು ಕಂಡಹಾಗೆ ಬರೆದ ಪುಸ್ತಕ ಅದು. ಮಗು ಹೊಟ್ಟೆಯಲ್ಲಿ ಹೇಗೆ ತಿರುಗುತ್ತದೆ, ತಲೆಯ ಬದಲು ಕುಂಡೆ ಮೊದಲು ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಎಲ್ಲ ಅದರಲ್ಲಿತ್ತು. ನಮ್ಮ ಊರಿನಲ್ಲಿ ಕುಂಡೆ ಮೊದಲು ಬಂದ ಮಗು ಬದುಕಿದ್ದೇ ಇಲ್ಲ. ಅಂಥವಕ್ಕೆ 'ಮುಖ ತಿರುಗಿಸಿದವು' ಎಂದು ಒಂದು ಹೆಸರಿಟ್ಟಿದ್ದೆವು. ಹೆಸರಿಟ್ಟ ಮೇಲೆ ಇನ್ನೇನು ಕೆಲಸ ಎಂದು ಸುಮ್ಮನಾಗಿದ್ದೆವು. ದಾಟಿಸುವವಳ ಅಕ್ಕನ ಮೊದಲ ಮಗು ಮುಖ ತಿರುಗಿಸಿಯೇ ಹೋಗಿತ್ತು.

ಮೊದಲ ಸಲ ದಾಟಿಸುವಾಗ ಅವಳು ಎಲ್ಲರ ಹಾಗೆಯೇ ಮಾಡಿದಳು. ಶಾಸ್ತ್ರದ ಪುಸ್ತಕ, ಶಾಸ್ತ್ರದ ಹಾಗೇ ಇರಬೇಕಲ್ಲ ಎಂದು 'ಗರ್ಭಸ್ಥಶಿಶುವಿನ ವಿಪರೀತಾವತರಣ ಪ್ರಕರಣ' ಎಂದು ಶುರುಮಾಡಿದಳು. ಅವಳು ಪುಸ್ತಕವನ್ನು ಇಡುತ್ತಿದ್ದಂತೆ ಬಲದ ತಟ್ಟೆ ದಡಕ್ಕನೆ ನೆಲಕ್ಕೆ ಕೂತಿತು. ಜಗಲಿಯ ಮೇಲೆ ಕೂತಿದ್ದ ಮುದುಕರೆಲ್ಲ ಬೆಚ್ಚಿಬಿದ್ದರು. ಎರಡನೆಯ ಸಲ ಅವಳು ಹೆದರಿ ಎಲ್ಲವನ್ನೂ ಕತ್ತರಿಸಿದಳು. ತನಗೆ ಅರ್ಥವಾಗದ್ದನ್ನು ಬಿಟ್ಟೇಬಿಟ್ಟಳು. ಪಂಡಿತೆ ಕೈಗಳ ಬಗ್ಗೆಯೇ ಒಂದು ಇಡೀ ಅಧ್ಯಾಯ ಬರೆದಿದ್ದಳು: ಎಲ್ಲಿ ಕೈ ಇಡಬೇಕು, ಎಲ್ಲಿ ತೆಗೆಯಬೇಕು ಎಂದು. ಅದು ಅವಳಿಗೆ ತಲೆಬುಡ ತಿಳಿದಿರಲಿಲ್ಲ. ಬಲದ ತಟ್ಟೆ ಈ ಸಲ ಮೇಲಕ್ಕೆ ಹಾರಿ ತೂಗುವವನ ಗದ್ದಕ್ಕೆ ತಾಗಿತು. ಜನ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಉಳಿದದ್ದು ಇನ್ನೊಂದೇ ಸಲ.

ಅವಳು ಗೋಡೆಯಿಂದ ಪುಸ್ತಕವನ್ನು ಬಿಡಿಸಿಕೊಳ್ಳುವಾಗ ಗಾರೆಯಜ್ಜ ಹತ್ತಿರ ಬಂದ. ಗಾರೆಯಜ್ಜ ಅವಳ ಗುರು. ಪರನುಡಿಯನ್ನು ಅವಳಿಗೆ ಚಿಕ್ಕಂದಿನಲ್ಲಿ ಅಕ್ಷರ ಅಕ್ಷರವಾಗಿ ಕಲಿಸಿದವನು ಅವನೇ. ಹದಿನಾರು ವರ್ಷದ ಹಿಂದೆ ಅವನದೊಂದು ಪುಸ್ತಕ ಮೂರನೆಯ ಸಲ ಸೋತು, ಅಂದಿನಿಂದ ಸುಣ್ಣ ಅರೆಯುತ್ತಿದ್ದ. ಅವನ ಬೆರಳ ಗೆರೆಗಳು ಸವೆದುಹೋಗಿದ್ದವು.

"ಇದನ್ನ ಇಟ್ಕೊ" ಎಂದು ಒಂದು ಬಟ್ಟೆಗಂಟನ್ನು ಅವಳ ಕೈಯಲ್ಲಿಟ್ಟ. ಒಳಗೆ ನಾಲ್ಕು ಹಿತ್ತಾಳೆ ಮೂಲೆಗಳಿದ್ದವು. "ಬೈಂಡಿನವನ ಹತ್ರ ಹೋಗಿ ಹೊಡೆಸಿಬಿಡು. ಕಮ್ಮಿ ಬಂದ್ರೆ ಸರಿಹೋಗುತ್ತೆ."

"ನೀವು ಯಾಕೆ ಹೊಡೆಸ್ಲಿಲ್ಲ ಗುರುಗಳೇ?"

"ಹೊಡೆಸಿದ್ರೆ ಇಲ್ಲಿ ಯಾಕೆ ಅರೀತಿದ್ದೆ? ಆಗ ನನಗೆ ದೊಡ್ಡ ಸೊಕ್ಕು. ನೀನು ಆ ಸೊಕ್ಕು ಮಾಡಬೇಡ ಮಗಳೇ. ನನ್ನ ಪಕ್ಕದಲ್ಲಿ ನೀನು ಕೂತು ಅರೆಯೋದನ್ನ ನಾನು ನೋಡಲಾರೆ."

ಅವಳು ಗಂಟನ್ನು ಸೆರಗಿಗೆ ಕಟ್ಟಿಕೊಂಡಳು. ಬೈಂಡಿನವನ ಮನೆಯ ದಾರಿ ಹಿಡಿದವಳು ನಡುವೆ ನಿಂತಳು. ಹಿತ್ತಾಳೆ ಇವತ್ತಲ್ಲ ನಾಳೆ ಹೊಡೆಸಬಹುದು, ಆ ಕೈಗಳ ಅಧ್ಯಾಯ ಏನೆಂದು ತಿಳಿಯದೆ ಸಾಯಬಾರದು ಅನ್ನಿಸಿತು. ತಿರುಗಿ ಸೂಲಗಿತ್ತಿಯ ಮನೆಗೆ ಹೋದಳು.

ಸೂಲಗಿತ್ತಿಗೆ ಓದು ಬರಹ ಬಾರದು. ಊರಿನ ಅರ್ಧ ಜನ ಮೊದಲು ಕಂಡ ಮುಖ ಅವಳದೇ. ಅವಳು ಅಂಗಳದಲ್ಲಿ ಹರಳೆಣ್ಣೆ ಕಾಯಿಸುತ್ತಿದ್ದಳು. ಸುತ್ತ ಐದಾರು ಬಸುರಿಯರು, ಮೂರು ನಾಲ್ಕು ಬಾಣಂತಿಯರು. ಗಂಡಸರಿಗೆ ಆ ಅಂಗಳದಲ್ಲಿ ಎಡೆಯಿಲ್ಲ. ದಾಟಿಸುವವಳು ಗೋಡೆಯ ಪಕ್ಕ ಕೂತು, ಬರೆದದ್ದನ್ನು ಓದಿದಳು.

ಒಂದು ಸಾಲು ಓದುವಷ್ಟರಲ್ಲಿ ಸೂಲಗಿತ್ತಿ ಕೈಯೆತ್ತಿದಳು. "ನಿಲ್ಸು. ಏನಂದೆ?"

"ವಿಪರೀತಾವತರಣ."

"ಹಂಗಂದ್ರೆ?"

"ಕುಂಡೆ ಮೊದಲು ಬರೋದು ಅವ್ವ."

"ಮತ್ತೆ ಹಂಗನ್ನು. ನನ್ ಮುಂದೆ ಯಾಕೆ ನಾಚ್ಕೋತೀಯ?"

ದಾಟಿಸುವವಳು ಆ ಸಾಲು ಹೊಡೆದುಹಾಕಿ ಹಾಗೆಯೇ ಬರೆದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಬೆಳಿಗ್ಗೆ ಬಾಗಿಲ ಜಗಲಿಯಲ್ಲಿ ಕೂತು ಪರವೂರ ಪುಸ್ತಕದ ಒಂದು ಹಾಳೆ ದಾಟಿಸುವುದು, ಮಧ್ಯಾಹ್ನ ಅಂಗಳಕ್ಕೆ ತಂದು ಓದುವುದು. ಎಣ್ಣೆ ಕಾಯುತ್ತಿತ್ತು, ಅವಳು ಓದುತ್ತಿದ್ದಳು. ನೀರು ಕುದಿಯುತ್ತಿತ್ತು, ಅವಳು ಓದುತ್ತಿದ್ದಳು. ಮಕ್ಕಳು ಅಳುತ್ತಿದ್ದವು, ಅವಳು ದನಿ ಎತ್ತರಿಸಿ ಓದುತ್ತಿದ್ದಳು. ಕೈಗಳ ಅಧ್ಯಾಯ ಬಂದಾಗ ಅವಳಿಗೆ ನಾಲಿಗೆ ಹೊರಳಲಿಲ್ಲ. ಸೂಲಗಿತ್ತಿ ಎದ್ದು ಬಂದು, ಒಂದು ಸೀರೆಯ ಗಂಟನ್ನು ಮಗುವೆಂದು ಮಾಡಿ, ತನ್ನ ಕೈಗಳನ್ನು ತೋರಿಸಿದಳು. "ಇಲ್ಲಿಗೆ ಹಿಂಗೆ ಹಿಡೀತೀವಿ ನಾವು. ಆಮೇಲೆ ಎಳೀತೀವಿ. ಆಯಮ್ಮ ಏನಂತಾಳೆ?"

ದಾಟಿಸುವವಳು ಆ ಕೈಗಳನ್ನು ನೋಡಿದಳು, ಹಾಳೆಯನ್ನು ನೋಡಿದಳು. ಎರಡು ವರ್ಷದಿಂದ ಅರ್ಥವಾಗದಿದ್ದ ಸಾಲು ಆಗ ಸರಾಗವಾಗಿ ಬಿಚ್ಚಿಕೊಂಡಿತು.

"ಎಳೀಬೇಡ ಅಂತಾಳೆ. ಕುಂಡೆ ಮೊದಲು ಬಂದ್ರೆ ಕೈ ತೆಗೆ, ಕಾಯು ಅಂತಾಳೆ. ಮಗು ತಾನೇ ಇಳಿಯುತ್ತೆ. ಹೆದರಿ ಎಳೆದ್ರೆ ಮಗುವಿನ ಕೈಗಳು ಮೇಲಕ್ಕೆ ಹೋಗಿ ತಲೆ ಸಿಕ್ಕಿಕೊಳ್ಳುತ್ತೆ ಅಂತಾಳೆ."

ಸೂಲಗಿತ್ತಿ ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಕಣ್ಣಲ್ಲಿ ನೀರು ಬಂತು. ತಾನು ಎಳೆದ ಮಕ್ಕಳನ್ನು ಅವಳು ಒಂದೊಂದಾಗಿ ನೆನೆಯುತ್ತಿದ್ದಾಳೆ ಎಂದು ಅಂಗಳದ ಹೆಂಗಸರಿಗೆಲ್ಲ ತಿಳಿಯಿತು.

"ಇದನ್ನ ಯಾಕೆ ಮೊದ್ಲೇ ತರ್ಲಿಲ್ಲ ನೀನು?" ಎಂದು ಕೊನೆಗೆ ಕೇಳಿದಳು.

"ಎರಡು ಸಲ ತಂದೆ ಅವ್ವ. ತೂಕ ಸರಿಬರಲಿಲ್ಲ."

ಹದಿನೈದು ದಿನದ ಮೇಲೆ ಕುಂಬಾರಗಿತ್ತಿಯ ಹೆರಿಗೆಯಲ್ಲಿ ಕುಂಡೆ ಮೊದಲು ಬಂತು. ಸುತ್ತ ಇದ್ದವರು "ಎಳಿ, ಎಳಿ" ಎಂದು ಕೂಗಿದರು. ಸೂಲಗಿತ್ತಿ ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಾದಳು. ಅಷ್ಟು ಕಷ್ಟದ ಕೆಲಸವನ್ನು ಜನ್ಮದಲ್ಲಿ ಮಾಡಿರಲಿಲ್ಲ ಎಂದು ಆಮೇಲೆ ಹೇಳಿದಳು. ಮಗು ಸೊಂಟದವರೆಗೆ ಇಳಿಯಿತು, ತೋಳಿನವರೆಗೆ ಇಳಿಯಿತು, ಆಮೇಲೆ ಪೂರ್ತಿ ಇಳಿದು ಅತ್ತಿತು. ಊರಿನಲ್ಲಿ ಹಿಂದುಮುಂದಾಗಿ ಬಂದು ಬದುಕಿದ ಮೊದಲ ಮಗು ಅದು. ಎಲ್ಲರೂ ಅದನ್ನು ನೋಡಲು ಹೋದರು. ನಾನೂ ಹೋದೆ. ಉಳಿದ ಮಕ್ಕಳ ಹಾಗೆಯೇ ಇತ್ತು.

ಆದರೆ ಕಟ್ಟಳೆ ಕಟ್ಟಳೆಯೇ. ಮೂರನೆಯ ಸಲವೂ ಸೋತರೆ 'ಕೈ ತೆಗೆ, ಕಾಯು' ಎಂಬ ಮಾತಿನ ಮೇಲೂ ಗಾರೆ ಬೀಳುತ್ತದೆ. ಮುಂದಿನ ಹೆರಿಗೆಯಲ್ಲಿ ಸೂಲಗಿತ್ತಿ ಆ ಮಾತನ್ನು ಯಾರಿಗೂ ಹೇಳುವಂತಿಲ್ಲ, ಕಲಿಸುವಂತಿಲ್ಲ. ಅವಳೊಂದಿಗೆ ಆ ಮಾತೂ ಸಾಯಬೇಕು. ದಾಟಿಸುವವಳಿಗೆ ಲೇಖನಿಯ ಚಿಂತೆಗಿಂತ ಈ ಚಿಂತೆ ದೊಡ್ಡದಾಯಿತು.

ಪುಸ್ತಕ ಮುಗಿಯಿತು. ತೂಗುವ ದಿನ ಬಂತು.

ತೂಗುವವನು ಬೆಳಿಗ್ಗೆಯೇ ಎದ್ದು ಹುಣಿಸೆಹಣ್ಣು, ಬೂದಿ ಹಾಕಿ ತಟ್ಟೆಗಳನ್ನು ಬೆಳಗಿದ. ಅವನು ಕೆಟ್ಟವನಲ್ಲ. ಸ್ವಂತ ತಂಗಿ ದಾಟಿಸಿದ ಪುಸ್ತಕವನ್ನು ಗೋಡೆಗೆ ಹಾಕಿ, ಮನೆಗೆ ಹೋಗಿ ಅವಳೊಂದಿಗೆ ಕೂತು ಅತ್ತವನು. ತಕ್ಕಡಿ ಹೇಳಿದ್ದನ್ನು ಹೇಳುವುದಷ್ಟೇ ತನ್ನ ಕೆಲಸ ಎಂದು ನಂಬಿದವನು. ಗಾರೆಯಜ್ಜ ಒಂದು ಬಾಂಡ್ಲಿಯ ತುಂಬ ಗಾರೆ ಕಲಸಿಕೊಂಡು ಪಕ್ಕದಲ್ಲಿ ನಿಂತಿದ್ದ. ಮೂರನೆಯ ಸಲದ ತೂಕಕ್ಕೆ ಗಾರೆ ಸಿದ್ಧವಿರಬೇಕೆಂಬುದೂ ಕಟ್ಟಳೆಯೇ. ಅಂದು ಅಂಗಳದ ಹೆಂಗಸರೂ ಬಂದಿದ್ದರು. ಬಸುರಿಯರು, ಬಾಣಂತಿಯರು, ಕುಂಬಾರಗಿತ್ತಿ, ಅವಳ ಕಂಕುಳಲ್ಲಿ ಹಿಂದುಮುಂದಾಗಿ ಬಂದ ಮಗು. ತೂಕ ನೋಡಲು ಹೆಂಗಸರು ಹಿಂದೆಂದೂ ಬಂದಿರಲಿಲ್ಲ.

ತೂಗುವವನು ತಕ್ಕಡಿಯ ಸರಪಳಿ ಹಿಡಿದು ಕೇಳಿದ, "ಎಡಕ್ಕೆ ಯಾರು?"

"ಬಂದವರು" ಎಂದಳು ದಾಟಿಸುವವಳು.

"ಬಲಕ್ಕೆ ಯಾರು?"

"ನಮ್ಮವರು."

"ಇಬ್ಬರೂ ಒಂದೇ ಏನು?"

"ಮುಳ್ಳು ಹೇಳಲಿ."

ತೂಗುವವನು ಸರಪಳಿ ಬಿಟ್ಟ. ತಕ್ಕಡಿ ತೂಗಿತು. ಬಲದ ತಟ್ಟೆ ನಿಧಾನವಾಗಿ ಮೇಲೇರಿ ನಿಂತಿತು.

"ಕಡಿಮೆ" ಎಂದ ತೂಗುವವನು. ಅವನ ದನಿ ಇಳಿದಿತ್ತು.

ದಾಟಿಸುವವಳಿಗೆ ನಂಬಿಕೆಯಾಗಲಿಲ್ಲ. ಈ ಸಲ ಅವಳು ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಒಂದು ಸಾಲನ್ನೂ ಹಿಗ್ಗಿಸಿರಲಿಲ್ಲ. ಅವಳ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಮುಳ್ಳು ವಾಲಿದ್ದು ಸರಿಯಾಗಿ ಆ ನಾಲ್ಕು ಹಿತ್ತಾಳೆ ಮೂಲೆಗಳಷ್ಟೇ ಇರಬೇಕು. ಗಾರೆಯಜ್ಜ ಅತ್ತ ತಿರುಗಿಕೊಂಡು ಆಕಾಶ ನೋಡತೊಡಗಿದ. ತೂಗುವವನೂ ಯಾಕೋ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ಅವಳು ಗಂಟು ಬಿಚ್ಚಿದಳು.

"ಏಯ್, ಅದೇನು?" ಎಂದಳು ಸೂಲಗಿತ್ತಿ. ಅವಳ ದನಿ ಬಾಗಿಲಿಂದ ಬಾವಿಯವರೆಗೆ ಕೇಳುವಂಥದು. "ಹಿತ್ತಾಳೆ ಯಾಕೆ? ನಾವು ಸತ್ತೋದ್ವಾ?"

"ಕಮ್ಮಿ ಬಂತು ಅವ್ವ."

"ಕಮ್ಮಿ ಬರ್ದೆ ಇನ್ನೇನಾಗ್ತದೆ? ಅರ್ಧ ಪುಸ್ತಕ ನಮ್ ಹತ್ರ ಐತಲ್ಲ. ನೀನು ಓದ್ದೆ, ನಾವು ತಗೊಂಡೋದ್ವಿ. ಯಜಮಾನ್ರೆ, ಕೈಯಲ್ಲಿರೋದನ್ನ ತಟ್ಟೆಗೆ ಹಾಕ್ಬೋದೋ ಇಲ್ವೋ?"

ತೂಗುವವನು ತಬ್ಬಿಬ್ಬಾದ. "ಪುಸ್ತಕದ ಮಾತಾಗಿದ್ರೆ ಹಾಕ್ಬೋದು" ಎಂದ.

ಕುಂಬಾರಗಿತ್ತಿ ಮೊದಲು ಮುಂದೆ ಬಂದಳು. ಬಲದ ತಟ್ಟೆಯ ಮೇಲೆ ಬಾಗಿ, ದೇವರ ಮುಂದೆ ಹೇಳುವಂತೆ ಹೇಳಿದಳು: "ಕೈ ತೆಗೆ, ಕಾಯು." ತಟ್ಟೆ ಒಂದು ಬೆರಳು ಕೆಳಗಿಳಿಯಿತು. ಏಳು ತಿಂಗಳ ಬಸುರಿಯೊಬ್ಬಳು ಬಂದು ಹೇಳಿದಳು: "ಕೈ ತೊಳೆಯದೆ ಮುಟ್ಟಬೇಡ, ತಾಯಿಯ ಜ್ವರ ಉಗುರಿನಲ್ಲಿ ಕೂತಿರುತ್ತದೆ." ತಟ್ಟೆ ಇಳಿಯಿತು. ಬಾಣಂತಿಯೊಬ್ಬಳು ಬಂದು ಹೇಳಿದಳು: "ನೋವು ಬಂದಾಗ ಹೆದರಿಸಬೇಡ, ಹೆದರಿದ ಮೈ ಬಿಗಿಯುತ್ತದೆ." ತಟ್ಟೆ ಇಳಿಯಿತು. ಒಬ್ಬೊಬ್ಬಳೂ ಬಂದಳು, ಒಂದೊಂದು ಸಾಲು ಇಟ್ಟಳು. ಒಂದಕ್ಷರ ಓದಲು ಬಾರದವರು, ಇಡೀ ಪುಟ ಬಾಯಿಪಾಠ ಮಾಡಿದ್ದರು. ನಮ್ಮ ಪಂಡಿತರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮುಳ್ಳು ನಟ್ಟನಡುವೆ ಬಂದು ನಿಂತಿತು.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಸೂಲಗಿತ್ತಿಗೆ ತೆರೆದ ಬಾಯಿ ಮುಚ್ಚುವ ಅಭ್ಯಾಸ ಕಡಿಮೆ. ವಾದ್ಯದವನು ಇನ್ನೇನು ಊದಬೇಕು, ಅಷ್ಟರಲ್ಲಿ ಅವಳು ತಟ್ಟೆಯ ಮುಂದೆ ನಿಂತು, "ಆಯಮ್ಮ ಹೇಳಿದ್ದೆಲ್ಲ ಸರಿ, ಒಂದು ಮಾತ್ರ ತಪ್ಪು" ಎಂದಳು. "ಬಸುರೀನ ಮಲಗಿಸ್ತಾಳೆ. ಮಲಗಿಸಿದ್ರೆ ಮಗೂಗೆ ಏರುದಾರಿ. ಕುಕ್ಕರುಗಾಲಲ್ಲಿ ಕೂರ್ಸು, ಇಲ್ಲ ನಿಲ್ಸು, ಹಗ್ಗ ಕಟ್ಟಿ ಹಿಡ್ಕೊಳ್ಳಕ್ಕೆ ಕೊಡು. ಆಗ ಇಳಿಜಾರು. ಕುಂಬಾರಗಿತ್ತೀನ ನಾನು ಹಂಗೇ ಮಾಡಿದ್ದು. ಅದಕ್ಕೇ ಅಷ್ಟು ಬೇಗ ಆಯ್ತು."

ಬಲದ ತಟ್ಟೆ ಇಳಿಯಿತು. ಅವಳು ಇನ್ನೂ ಹೇಳುತ್ತಲೇ ಇದ್ದಳು, ತಟ್ಟೆ ಇನ್ನೂ ಇಳಿಯುತ್ತಲೇ ಇತ್ತು, ಕೊನೆಗೆ ನೆಲಕ್ಕೆ ತಾಗಿ ಠಣ್ ಎಂದಿತು.

"ಹೆಚ್ಚಾಯಿತು" ಎಂದ ತೂಗುವವನು. ಅವನ ಮುಖ ಬಿಳಿಚಿಹೋಗಿತ್ತು. "ಹೆಚ್ಚಾದ್ರೂ ಸೋಲೇ ಕಣಮ್ಮ. ತಟ್ಟೆ ಮೇಲೆ ಆಡಿದ ಮಾತು ವಾಪಸ್ ತೆಗೆಯೋಕೆ ಬರೋದಿಲ್ಲ."

ಸೂಲಗಿತ್ತಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ.

"ಗಾರೆ" ಎಂದ ತೂಗುವವನು.

ಗಾರೆಯಜ್ಜ ಬಾಂಡ್ಲಿ ಎತ್ತಿದ. ಎತ್ತಿ ಎರಡು ಹೆಜ್ಜೆ ಇಟ್ಟ. ದಾಟಿಸುವವಳು ಅವನ ದಾರಿಗೆ ಅಡ್ಡ ನಿಂತಳು.

"ಯಜಮಾನ್ರೆ, ಒಂದು ಮಾತು. ಬಲದ ತಟ್ಟೆಗೆ ನಮ್ಮವರು ಮಾತು ಹಾಕಿದ್ರು. ನೀವು ಬೇಡ ಅನ್ನಲಿಲ್ಲ. ಎಡದ ತಟ್ಟೆಗೆ ಏನೂ ಹಾಕಬಾರದು ಅಂತ ಕಟ್ಟಳೆ ಇದೆಯಾ?"

ತೂಗುವವನು ಯೋಚಿಸಿದ. ಅವನ ಅಪ್ಪ ತೂಗುತ್ತಿದ್ದ, ಅಜ್ಜ ತೂಗುತ್ತಿದ್ದ. ಅವರಲ್ಲಿ ಯಾರನ್ನೂ ಯಾರೂ ಇದನ್ನು ಕೇಳಿರಲಿಲ್ಲ. ನಮ್ಮ ಊರಿನಲ್ಲಿ ಬಲದ ತಟ್ಟೆಯನ್ನು ಹಿಗ್ಗಿಸಲು, ಕುಗ್ಗಿಸಲು ನೂರು ಉಪಾಯ ಹುಡುಕಿದ್ದೆವು. ಎಡದ ತಟ್ಟೆಯ ಕಡೆ ಕೈ ಚಾಚಬಹುದು ಎಂದು ಒಬ್ಬನಿಗೂ ಹೊಳೆದಿರಲಿಲ್ಲ. ಅದು ದೊಡ್ಡವರದು, ಪರವೂರಿನದು, ಅದಕ್ಕೆ ಸಮ ಬರುವುದಷ್ಟೇ ನಮ್ಮ ಪಾಡು ಎಂದುಕೊಂಡಿದ್ದೆವು. ಎಂಥ ಪೆದ್ದರು ನಾವು!

"ಇಲ್ಲ" ಎಂದ ತೂಗುವವನು. "ಆದರೆ ಅಲ್ಲಿಗೆ ಪರನುಡಿಯೇ ಹೋಗಬೇಕು. ಗಾರೆ ಒಣಗೋ ಮೊದಲು ಆಗಬೇಕು."

ದಾಟಿಸುವವಳು ಅಲ್ಲೇ ಮಣ್ಣಿನಲ್ಲಿ ಕೂತಳು. ಲೇಖನಿ ತೆಗೆದಳು. "ಅವ್ವ, ಆಯಮ್ಮನಿಗೆ ಏನು ಹೇಳಬೇಕೋ ಹೇಳು" ಎಂದಳು. ಸೂಲಗಿತ್ತಿ ಬಾಯಿಂದ ಕೈ ತೆಗೆದಳು.

ಅಲ್ಲಿ ಒಂದು ತೊಡಕಾಯಿತು. ದಾಟಿಸುವವಳು ಪರನುಡಿಯನ್ನು ಸಾವಿರ ಪುಟ ಓದಿದ್ದಳು, ಒಂದು ಸಾಲು ಬರೆದಿರಲಿಲ್ಲ. ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ತರುವುದನ್ನು ಕಲಿತಿದ್ದೆವು, ಕೊಡುವುದನ್ನು ಕಲಿತಿರಲಿಲ್ಲ. ಅವಳ ಕೈ ಹಾಳೆಯ ಮೇಲೆ ಮಗುವಿನ ಕಾಲಿನ ಹಾಗೆ ತಡವರಿಸಿತು. ಮೊದಲ ಸಾಲು ಬರೆದು ಎಡದ ತಟ್ಟೆಗೆ ಹಾಕಿದಳು. ತಟ್ಟೆ ಅಲುಗಲಿಲ್ಲ.

"ಅದು ಅವರ ಮಾತಿನ ವರಸೆ ಅಲ್ಲ" ಎಂದ ಗಾರೆಯಜ್ಜ. ಬಾಂಡ್ಲಿ ಅವನ ಕೈಯಲ್ಲೇ ಇತ್ತು. "ಅವರು ಕ್ರಿಯೆಯನ್ನ ಮುಂದೆ ಹೇಳ್ತಾರೆ. ಮೊದಲು 'ಕೂರಿಸು' ಅನ್ನು, ಆಮೇಲೆ ಯಾರನ್ನ ಅನ್ನು."

ಹದಿನಾರು ವರ್ಷದಿಂದ ಅವನು ಪರನುಡಿಯ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಲೇಖನಿ ಮುಟ್ಟಬಾರದು ಎಂದು ಕಟ್ಟಳೆಯಿತ್ತು, ಬಾಯಿ ಮುಚ್ಚಬೇಕು ಎಂದು ಇರಲಿಲ್ಲ. ತೂಗುವವನು ಅವನನ್ನು ನೋಡಿ, ಮತ್ತೆ ಮುಳ್ಳಿನತ್ತ ತಿರುಗಿಕೊಂಡ. ದಾಟಿಸುವವಳು ಸಾಲನ್ನು ತಿದ್ದಿ ಮತ್ತೆ ಹಾಕಿದಳು. ಎಡದ ತಟ್ಟೆ ನಡುಗಿತು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಸೂಲಗಿತ್ತಿ ಹೇಳುತ್ತಿದ್ದಳು, ದಾಟಿಸುವವಳು ಬರೆಯುತ್ತಿದ್ದಳು, ಗಾರೆಯಜ್ಜ ತಿದ್ದುತ್ತಿದ್ದ. ಹಗ್ಗವನ್ನು ಯಾವ ಎತ್ತರಕ್ಕೆ ಕಟ್ಟಬೇಕು ಎಂದು ಒಂದು ಹಾಳೆ. ಬಸುರಿಯ ಬೆನ್ನಿಗೆ ಯಾರು ಒರಗಿ ಕೂರಬೇಕು ಎಂದು ಒಂದು ಹಾಳೆ. ಅತ್ತೆಯನ್ನು ಯಾಕೆ ಹೊರಗೆ ಕಳಿಸಬೇಕು ಎಂದು ಒಂದು ಹಾಳೆ. ಅದನ್ನು ಹೇಳುವಾಗ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ಕೆಲವು ಅತ್ತೆಯರು ಮುಖ ಸಿಂಡರಿಸಿದರು. ಹಾಳೆ ಬೀಳುತ್ತಿತ್ತು, ತಟ್ಟೆ ಇಳಿಯುತ್ತಿತ್ತು. ಬಿಸಿಲು ಗೋಡೆ ಹತ್ತಿ ನೆತ್ತಿಗೆ ಬಂತು. ಬಾಂಡ್ಲಿಯ ಅಂಚಿನಲ್ಲಿ ಗಾರೆ ಬೆಳ್ಳಗೆ ಬಿರುಕು ಬಿಡತೊಡಗಿತು. ಅಜ್ಜ ಬಾಂಡ್ಲಿಯನ್ನು ತನ್ನ ನೆರಳಿನಲ್ಲಿ ಇಟ್ಟುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ನಿಂತ.

ಹದಿನೆಂಟು ಹಾಳೆ ಬಿದ್ದವು. ಇನ್ನೂ ಎರಡು ಬೆರಳು ಬಾಕಿಯಿತ್ತು. ಸೂಲಗಿತ್ತಿಗೆ ಹೇಳಲು ಏನೂ ಉಳಿದಿರಲಿಲ್ಲ.

"ಇನ್ನೇನೂ ಇಲ್ವಾ ಅವ್ವ?"

ಸೂಲಗಿತ್ತಿ ತಲೆತಗ್ಗಿಸಿದಳು. ಸಣ್ಣ ದನಿಯಲ್ಲಿ ಹೇಳಿದಳು: "ಆಯಮ್ಮನಿಗೆ ಹೇಳು. ನಾನು ಎಳೆದು ಎಳೆದು ಹನ್ನೊಂದು ಮಕ್ಕಳನ್ನ ಕಳ್ಕೊಂಡೆ. ನನಗೆ ಗೊತ್ತಿರಲಿಲ್ಲ. ಆಯಮ್ಮ ಹೇಳಿದ್ಮೇಲೆ ಒಂದು ಉಳೀತು. ಅವಳ ಕೈ ತಣ್ಣಗಿರಲಿ."

ದಾಟಿಸುವವಳು ಅದನ್ನು ಬರೆದಳು. ಗಾರೆಯಜ್ಜ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ಹತ್ತೊಂಬತ್ತನೆಯ ಹಾಳೆ ಎಡದ ತಟ್ಟೆಗೆ ಬಿತ್ತು. ತಕ್ಕಡಿ ತೂಗಿತು. ಮುಳ್ಳು ಅತ್ತ ಹೋಯಿತು, ಇತ್ತ ಬಂತು, ನಡುವೆ ನಿಂತಿತು.

"ಸಮ" ಎಂದ ತೂಗುವವನು. ಆಮೇಲೆ ತನ್ನ ಜನ್ಮದಲ್ಲಿ ಮೊದಲ ಸಲ, ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದ. "ಸಮ! ಸಮ ಆಯಿತು ಕಣ್ರಯ್ಯ!"

ವಾದ್ಯದವನು ಊದಿದ. ಹೆಂಗಸರು ಕೂಗಿದರು, ಮಕ್ಕಳು ಕೂಗಿದರು, ಜಗಲಿಯ ಮೇಲೆ ಕೂತಿದ್ದ ಮುದುಕರು ಎದ್ದು ನಿಂತು ಕೂಗಿದರು. ಹಿತ್ತಾಳೆ ಮೂಲೆಗಳು ಯಾರ ಕಾಲಡಿಗೋ ಸಿಕ್ಕಿ ಎಲ್ಲಿ ಹೋದವೋ ತಿಳಿಯಲಿಲ್ಲ. ಬಾಂಡ್ಲಿಯ ಗಾರೆ ಅಲ್ಲೇ ಒಣಗಿ ಕಲ್ಲಾಯಿತು. ದಾಟಿಸುವವಳು ತನ್ನ ಲೇಖನಿಯ ಮೊನೆಯನ್ನು ಸೆರಗಿನಿಂದ ಒರೆಸಿಕೊಂಡು, ಮುಖ ಮುಚ್ಚಿಕೊಂಡು ಅತ್ತಳು. ಗೆದ್ದವರ ಅಳು ಅದು, ನಾವು ಯಾರೂ ಸಮಾಧಾನ ಹೇಳಲಿಲ್ಲ.

ಪುಸ್ತಕಗಳಿಗೆ ಅರಿಶಿನ ಹಚ್ಚಿದ ಮೇಲೆ, ಎಡದ ತಟ್ಟೆಯ ಹತ್ತೊಂಬತ್ತು ಹಾಳೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಅವು ಪರನುಡಿಯಲ್ಲಿದ್ದವು, ದಾಟಿಸಿದ ಜೋಡಿಯಿಲ್ಲದೆ ಒಳಗೆ ಬರುವಂತಿಲ್ಲ. ಸೋತಿರಲಿಲ್ಲ, ಗೋಡೆಗೆ ಹೋಗುವಂತಿಲ್ಲ. ತೂಗುವವನು ಹಾಳೆಗಳನ್ನು ಜೋಡಿಸಿ, ದಾರ ಕಟ್ಟಿ, ಪುಸ್ತಕ ಹೊತ್ತು ತರುವ ಹೇರೆತ್ತಿನವನನ್ನು ಕರೆದ. "ಹೊರಗೆ ತಗೊಂಡು ಹೋಗು" ಎಂದ.

ಹೇರೆತ್ತಿನವನು ಕಣ್ಣುಬಿಟ್ಟ. "ಸ್ವಾಮಿ, ಮೂರು ತಲೆಮಾರಿನಿಂದ ಈ ಊರಿಂದ ಎತ್ತು ಬರಿಮೈಯಲ್ಲೇ ಹೋಗಿದ್ದು."

"ಇವತ್ತಿಂದ ಹಾಗೆ ಹೋಗೋದಿಲ್ಲ" ಎಂದ ತೂಗುವವನು. ಹೇಳಿದವನು ಅವನಾದರೂ ಜಂಬಪಟ್ಟವರು ನಾವೆಲ್ಲರೂ.

ಆ ವರ್ಷ ಗೋಡೆಯ ಕೆಲಸ ತಿರುಗುಮುರುಗಾಯಿತು. ದಾಟಿಸುವವರು ತಾವು ತರುವ ಪುಸ್ತಕವನ್ನು ಅದರ ಕಸುಬಿನವರ ಹತ್ತಿರ ಒಯ್ದು ಓದತೊಡಗಿದರು. ನಕ್ಷತ್ರಗಳ ಗ್ರಂಥ ದೋಣಿಯವರ ಹತ್ತಿರ ಹೋಯಿತು, ಅವರು ಅದರಲ್ಲಿ ಎರಡು ತಪ್ಪು ಹುಡುಕಿ ಕುಣಿದಾಡಿದರು. ದ್ವೀಪಗಳ ಜೋಗುಳವನ್ನು ಬಾಣಂತಿಯರು ಹಾಡಿ ನೋಡಿ, ತಮ್ಮದೊಂದನ್ನು ಬದಲಿಗೆ ಬರೆಸಿ ಕಳಿಸಿದರು. ಹಿಮದ ನಾಡಿನ ಪ್ರೇಮಕಥೆಗೆ ಮಾತ್ರ ಕಸುಬಿನವರು ಯಾರು ಎಂದು ಜಗಳವಾಗಿ, ಕೊನೆಗೆ ಎಲ್ಲರೂ ಬಂದು ಕೂತರು. ಗೋಡೆಯಿಂದ ಪುಸ್ತಕ ಕಳಚುತ್ತಾ ಹೋದಂತೆ ನಮಗೆ ಬೆಳಗು ಬೇಗ ಆಗತೊಡಗಿತು.

ಮುಂದಿನ ವರ್ಷ ಹೇರೆತ್ತಿನವನು ಒಂದು ತೆಳ್ಳಗಿನ ಪುಸ್ತಕ ತಂದ. ದಾಟಿಸುವವಳು ಬಾಗಿಲ ಜಗಲಿಯಲ್ಲಿ ಅದನ್ನು ಬಿಡಿಸಿದಳು. ಸೂಲಗಿತ್ತಿಯ ಹತ್ತೊಂಬತ್ತು ಹಾಳೆಗಳು ಅಚ್ಚಾಗಿದ್ದವು. ಪ್ರತಿ ಪುಟದ ಅಂಚಿನಲ್ಲಿ ಪಂಡಿತೆ ತನ್ನ ಕೈಯಾರೆ ಬರೆದಿದ್ದಳು. ದಾಟಿಸುವವಳು ಓದಲಿಕ್ಕೂ ನಿಲ್ಲದೆ ಅದನ್ನು ಎದೆಗೆ ಒತ್ತಿಕೊಂಡು ಅಂಗಳದತ್ತ ಓಡಿದಳು. ಬಾಗಿಲಲ್ಲಿ ತೂಗುವವನು "ತೂಕ! ತೂಕ!" ಎಂದು ಕೂಗಿದ. ಅವಳು ನಿಲ್ಲಲಿಲ್ಲ. ಅವನೂ ಅಷ್ಟು ಜೋರಾಗಿ ಕೂಗಲಿಲ್ಲ.

ಅಂಗಳದಲ್ಲಿ ಅವಳು ಅಂಚಿನ ಒಂದೊಂದೇ ಸಾಲನ್ನು ನಮ್ಮ ನುಡಿಗೆ ತಿರುಗಿಸಿ ಓದಿದಳು. ಕೂರಿಸಿದೆವು. ಹಗ್ಗ ಕಟ್ಟಿದೆವು. ಇಳಿಜಾರು ಎಂದಿರಲ್ಲ, ನಿಜ. ಅತ್ತೆಯನ್ನು ಹೊರಗೆ ಕಳಿಸುವುದು ಇಲ್ಲಿಯೂ ಕಷ್ಟ. ಈ ಚಳಿಗಾಲ ಹಿಂದುಮುಂದಾಗಿ ಬಂದ ಒಂಬತ್ತು ಮಕ್ಕಳಲ್ಲಿ ಎಂಟು ಉಳಿದವು. ನಾನೂ ಎಳೆದಿದ್ದೇನೆ, ತಂಗಿ, ನಿನ್ನಷ್ಟೇ ಕಳೆದುಕೊಂಡಿದ್ದೇನೆ. ಪುಸ್ತಕದಲ್ಲಿ ಅದನ್ನು ಬರೆಯುವ ಧೈರ್ಯ ನನಗಿರಲಿಲ್ಲ, ನೀನು ಬರೆದೆ.

ಸೂಲಗಿತ್ತಿ ಕಣ್ಣೊರೆಸಿಕೊಂಡಳು. "ಇನ್ನೂ ಏನೋ ಐತಲ್ಲ ಕೊನೇಲಿ?"

"ಒಂದು ಪ್ರಶ್ನೆ ಕೇಳಿದಾಳೆ. ಅವಳಿ ಮಕ್ಕಳಲ್ಲಿ ಮೊದಲನೇದು ಬಂದು ಎರಡನೇದು ಅಡ್ಡ ತಿರುಗಿದ್ರೆ ನಿಮ್ಮ ಕಡೆ ಏನು ಮಾಡ್ತೀರಿ ಅಂತ."

ಸೂಲಗಿತ್ತಿ ಒಲೆಯಿಂದ ಎಣ್ಣೆ ಇಳಿಸಿದಳು. ಸುತ್ತ ಇದ್ದ ಹೆಂಗಸರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ದಾಟಿಸುವವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಬರ್ಕೊ" ಎಂದಳು.